ಆಪ್ ಟ್ಯಾಕ್ಸಿ ಅಪಘಾತವಾದರೆ ಪರಿಹಾರ ಕೊಡುವವರು ಯಾರು?

ಬೈಕ್ ಟ್ಯಾಕ್ಸಿ ನಿಂತಿತು, ಮತ್ತೆ ಬಂತು. ಹೈಕೋರ್ಟ್ ಒಮ್ಮೆ ಬೇಡ ಎಂದಿತು, ಇನ್ನೊಮ್ಮೆ ಪರ್ಮಿಟ್ ಕೊಡಿ ಎಂದಿತು. ಆಟೊ ಸಂಘಗಳು, ಕಂಪನಿಗಳು, ಬೈಕ್ ಸವಾರರು ಎಲ್ಲರೂ ಮಾತಾಡಿದರು. ಹಿಂದಿನ ಸೀಟಿನಲ್ಲಿ ಕೂತು ಹೋಗುವವರ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಸಿಗಲಿಲ್ಲ. ದಾರಿಯಲ್ಲಿ ಬಿದ್ದು ಕಾಲು ಮುರಿದರೆ ದುಡ್ಡು ಕೊಡುವವರು ಯಾರು? ಆಪ್ ಕಂಪನಿಯಾ, ಚಾಲಕನಾ, ಇನ್ಶೂರೆನ್ಸ್ ಕಂಪನಿಯಾ?

ಕಾರು, ಆಟೊ, ಬೈಕ್ ಯಾವುದಕ್ಕಾದರೂ ಈ ಪ್ರಶ್ನೆ ಒಂದೇ. ಉತ್ತರ ಮಾತ್ರ ಬೇರೆ ಬೇರೆ. ನಾವು ಬುಕ್ ಮಾಡುವುದು ಆಪ್ ನೋಡಿ, ಅದರ ಹೆಸರನ್ನು ನಂಬಿ. ಅಪಘಾತವಾದ ಮೇಲೆ ಕಾನೂನು ನೋಡುವುದು ವಾಹನದ ಕಾಗದಪತ್ರಗಳನ್ನು. ಈ ಎರಡರ ನಡುವಿನ ಅಂತರದಲ್ಲಿಯೇ ಪ್ರಯಾಣಿಕರು ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ.

ಗೊಂದಲ ಶುರುವಾಗಿದ್ದು ಎಲ್ಲಿಂದ

ಕರ್ನಾಟಕ 2016ರಲ್ಲೇ ಆಪ್ ಆಧಾರಿತ ಟ್ಯಾಕ್ಸಿಗಳಿಗೆ ನಿಯಮ ಮಾಡಿತು. ಅದು ಕ್ಯಾಬ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು, ಇಂಥ ಕಂಪನಿಗಳಿಗೆ 'ಅಗ್ರಿಗೇಟರ್' ಎಂಬ ಹೆಸರು ಬಂತು. ಅವು ರಾಜ್ಯದಿಂದ ಲೈಸೆನ್ಸ್ ಪಡೆಯಬೇಕು ಎಂದು 93ನೇ ಸೆಕ್ಷನ್ ಹೇಳಿತು. ಬೈಕ್‌ಗಳ ವಿಷಯ ಬೇರೆಯಾಗಿಯೇ ನಡೆಯಿತು. 2021ರಲ್ಲಿ ರಾಜ್ಯ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು. 2024ರ ಮಾರ್ಚ್‌ನಲ್ಲಿ ತಾನೇ ವಾಪಸ್ ಪಡೆಯಿತು.

2025ರ ಏಪ್ರಿಲ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ, ಸರ್ಕಾರ ಸರಿಯಾದ ನಿಯಮ ಮಾಡುವವರೆಗೆ ಬೈಕ್ ಟ್ಯಾಕ್ಸಿ ಓಡಿಸುವಂತಿಲ್ಲ ಎಂದಿತು. ಜೂನ್ 16ರಿಂದ ಸೇವೆ ನಿಂತಿತು. ಕಂಪನಿಗಳು ಮೇಲ್ಮನವಿ ಹಾಕಿದವು. 2026ರ ಜನವರಿಯಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಬೈಕನ್ನೂ ಸಾರಿಗೆ ವಾಹನವಾಗಿ (ಬಾಡಿಗೆಗೆ ಓಡಿಸುವ, ಹಳದಿ ಬೋರ್ಡಿನ ವಾಹನವಾಗಿ) ನೋಂದಾಯಿಸಬಹುದು, ಪರ್ಮಿಟ್‌ಗೆ ಬಂದ ಅರ್ಜಿಯನ್ನು ದ್ವಿಚಕ್ರ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂಬುದು ಅದರ ಸಾರ.

ಸುದ್ದಿಯಲ್ಲಿ ಇದು 'ಬೈಕ್ ಟ್ಯಾಕ್ಸಿಗೆ ಹಸಿರು ನಿಶಾನೆ' ಎಂದಷ್ಟೇ ಬಂತು. ವಿಮೆಯ ದೃಷ್ಟಿಯಿಂದ ನೋಡಿದರೆ ಮುಖ್ಯವಾದ ಮಾತು 'ಸಾರಿಗೆ ವಾಹನವಾಗಿ ನೋಂದಣಿ' ಎಂಬುದು. ಅದು ಯಾಕೆ ಅಷ್ಟು ಮುಖ್ಯ ಎಂಬುದನ್ನು ನಿಧಾನವಾಗಿ ನೋಡೋಣ.

ಹಳದಿ ಬೋರ್ಡ್ ಇದ್ದರೆ ಏನು ಲಾಭ

ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಅದನ್ನು ಹೇಳುತ್ತದೆ. ಆ ವಿಮೆ ಯಾರನ್ನು ಕಾಯಬೇಕು ಎಂಬುದು 147ನೇ ಸೆಕ್ಷನ್‌ನಲ್ಲಿದೆ. ರಸ್ತೆಯಲ್ಲಿ ನಡೆದು ಹೋಗುವವರು, ಬೇರೆ ವಾಹನದಲ್ಲಿದ್ದವರು ಅದರಲ್ಲಿ ಸೇರುತ್ತಾರೆ. ಜೊತೆಗೆ ಸಾರಿಗೆ ವಾಹನದ ಪ್ರಯಾಣಿಕರೂ ಸೇರುತ್ತಾರೆ.

ಹಾಗಾಗಿ ಹಳದಿ ಬೋರ್ಡ್ ಕ್ಯಾಬ್ ಅಥವಾ ಆಟೊದಲ್ಲಿ ಹೋಗುವ ಪ್ರಯಾಣಿಕನಿಗೆ ಕಾನೂನಿನ ರಕ್ಷಣೆ ಗಟ್ಟಿಯಾಗಿದೆ. ಆ ವಾಹನದ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ಪ್ರಯಾಣಿಕನಿಗಾದ ಗಾಯಕ್ಕೆ ಇನ್ಶೂರೆನ್ಸ್ ಕಂಪನಿ ಹೊಣೆ. ಬುಕ್ ಮಾಡಿದ್ದು ಯಾವ ಆಪ್‌ನಲ್ಲಿ, ಅಥವಾ ಕೈ ತೋರಿಸಿ ಹತ್ತಿದ್ದಾ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ನಿಮ್ಮ ಕ್ಯಾಬಿಗೂ ಒಂದು ಲಾರಿಗೂ ಡಿಕ್ಕಿಯಾಯಿತು ಎಂದುಕೊಳ್ಳಿ. ಕ್ಯಾಬ್ ಚಾಲಕ ಲಾರಿಯವನದು ತಪ್ಪು ಎನ್ನುತ್ತಾನೆ. ಲಾರಿಯವನು ಕ್ಯಾಬಿನ ಕಡೆ ಬೆರಳು ತೋರಿಸುತ್ತಾನೆ. ಹಿಂದೆ ಕೂತಿದ್ದ ನಿಮ್ಮದಂತೂ ತಪ್ಪಿಲ್ಲ, ಅಲ್ವಾ? ಇಬ್ಬರದೂ ತಪ್ಪು ಸೇರಿ ಅಪಘಾತವಾಗಿದ್ದರೆ ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಪರಿಹಾರ ಕೇಳುವ ಹಕ್ಕು ಪ್ರಯಾಣಿಕನಿಗಿದೆ. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಯಾರ ಪಾಲು ಎಷ್ಟು ಎಂಬ ಜಗಳ ಆಮೇಲೆ ಅವರವರೇ ಬಗೆಹರಿಸಿಕೊಳ್ಳಬೇಕು. ಆದರೂ ಎರಡೂ ವಾಹನದ ಮಾಲೀಕರನ್ನು, ಎರಡೂ ವಿಮಾ ಕಂಪನಿಗಳನ್ನು ಅರ್ಜಿಯಲ್ಲಿ ಸೇರಿಸುವುದೇ ಸುರಕ್ಷಿತ.

ಚಾಲಕನ ಲೈಸೆನ್ಸ್ ಮೇಲೆ ತಕರಾರು ತೆಗೆಯುವುದು ವಿಮಾ ಕಂಪನಿಗಳ ಹಳೆಯ ದಾರಿ. ಕಾರು ಓಡಿಸುವ ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದೆ, ಟ್ಯಾಕ್ಸಿ ಓಡಿಸಲು ಬೇರೆ ಅನುಮತಿ ಇಲ್ಲ ಎಂದು ವರ್ಷಗಟ್ಟಲೆ ವಾದಿಸುತ್ತಿದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ತೆರೆ ಎಳೆಯಿತು. 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಲು ಎಲ್‌ಎಂವಿ ಲೈಸೆನ್ಸ್ ಸಾಕು. ನಾವು ಹತ್ತುವ ಕ್ಯಾಬ್‌ಗಳೆಲ್ಲ ಈ ತೂಕದೊಳಗೇ ಬರುತ್ತವೆ.

ವೈಟ್ ಬೋರ್ಡ್ ಬೈಕಿನಲ್ಲಿ ತೊಂದರೆ ಎಲ್ಲಿದೆ

ಬಿಳಿ ನಂಬರ್ ಪ್ಲೇಟಿನ ಬೈಕ್ ಸ್ವಂತ ಬಳಕೆಯ ವಾಹನ. ಅದರ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ಮಾತೇ ಇದು. ಪರ್ಮಿಟ್ ಇಲ್ಲದ ವಾಹನವನ್ನು ಬಾಡಿಗೆಗೆ ಓಡಿಸಿದರೆ ಹೊಣೆಯಿಂದ ತಪ್ಪಿಸಿಕೊಳ್ಳಲು ಕಾಯ್ದೆಯ 150ನೇ ಸೆಕ್ಷನ್ ಅವರಿಗೆ ಅವಕಾಶ ಕೊಡುತ್ತದೆ. ಪರ್ಮಿಟ್ ಇಲ್ಲದಿರುವುದು ಸಣ್ಣ ಲೋಪವಲ್ಲ, ಮೂಲಭೂತ ಉಲ್ಲಂಘನೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಹಾಗಂತ ಗಾಯಾಳು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಅದೇ 2018ರ ಪ್ರಕರಣದಲ್ಲಿ ಕೋರ್ಟ್ 'ಪೇ ಅಂಡ್ ರಿಕವರ್' ಆದೇಶ ಮಾಡಿತು. ಅಂದರೆ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕು, ಆಮೇಲೆ ವಾಹನದ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು. 2004ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಈ ಪದ್ಧತಿಗೆ ದೊಡ್ಡ ಆಧಾರ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬೈಕ್ ಟ್ಯಾಕ್ಸಿ ಗುದ್ದಿ ಪಾದಚಾರಿಗೆ ಗಾಯವಾದರೆ ಆತ ನಿಜವಾದ ಮೂರನೇ ವ್ಯಕ್ತಿ. ಅವನಿಗೆ 'ಪೇ ಅಂಡ್ ರಿಕವರ್' ಸಿಗುವ ಸಾಧ್ಯತೆ ಜಾಸ್ತಿ. ಹಿಂಬದಿ ಸವಾರನ ಸ್ಥಿತಿ ಅಷ್ಟು ಭದ್ರವಲ್ಲ. ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತವರಿಗೆ ಅದು ಅನ್ವಯಿಸುವುದೇ ಇಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸ್ವಂತ ವಾಹನದ ಹಾನಿಯನ್ನೂ ಒಳಗೊಳ್ಳುವ ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರರೂ ಅದರೊಳಗೆ ಬರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲೇ ಇದನ್ನು ಸುತ್ತೋಲೆಯಲ್ಲಿ ಹೇಳಿತ್ತು. ಆದರೂ ಬಾಡಿಗೆಗೆ ಓಡಿಸಿದ್ದು ಎಂಬ ತಕರಾರು ಅಲ್ಲೂ ಎದುರಾಗುತ್ತದೆ.

ಈ ಸರಪಳಿಯನ್ನು ಒಮ್ಮೆ ಜೋಡಿಸಿ ನೋಡಿ. ಬೈಕ್ ಹಳೆಯದಾದಂತೆ ಮಾಲೀಕ ದುಡ್ಡು ಉಳಿಸಲು ಬರೀ ಥರ್ಡ್ ಪಾರ್ಟಿ ಮಾಡಿಸುತ್ತಾನೆ. ಆ ಬೈಕನ್ನೇ ಆಪ್‌ಗೆ ಹಾಕುತ್ತಾನೆ. ಬುಕ್ ಮಾಡಿದವರಿಗೆ ಪಾಲಿಸಿ ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ಬಿದ್ದಾಗ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಉಳಿಯುವುದು ಬೈಕ್ ಮಾಲೀಕನೊಬ್ಬ. ದಿನದ ದುಡಿಮೆಯಲ್ಲಿ ಬದುಕುವ ಅವನ ವಿರುದ್ಧ ಹತ್ತು ಲಕ್ಷದ ಆದೇಶ ಸಿಕ್ಕರೂ ವಸೂಲಿ ಎಲ್ಲಿಂದ?

ಬೈಕ್ ಸಾರಿಗೆ ವಾಹನವಾಗಿ ನೋಂದಣಿಯಾಗಿ ಪರ್ಮಿಟ್ ಪಡೆದರೆ ಈ ಚಿತ್ರ ಬದಲಾಗುತ್ತದೆ. ಆಗ ಹಿಂದೆ ಕೂತವರು 'ಸಾರಿಗೆ ವಾಹನದ ಪ್ರಯಾಣಿಕರು'. 147ನೇ ಸೆಕ್ಷನ್‌ನ ಕಡ್ಡಾಯ ರಕ್ಷಣೆ ಅವರಿಗೂ ಸಿಗುತ್ತದೆ. ಹೈಕೋರ್ಟ್ ತೀರ್ಪಿನ ನಿಜವಾದ ಬೆಲೆ ಇರುವುದು ಇಲ್ಲಿ. ಬೈಕುಗಳು ವೈಟ್ ಬೋರ್ಡಿನಲ್ಲೇ ಓಡುತ್ತಾ ಹೋದರೆ ಆ ತೀರ್ಪಿನಿಂದ ಪ್ರಯಾಣಿಕನಿಗೆ ಏನೂ ಸಿಗುವುದಿಲ್ಲ.

ಆಪ್ ಕಂಪನಿಯ ಹೊಣೆ ಎಷ್ಟು

ಕಂಪನಿಗಳ ವಾದ ಸರಳ. ನಾವು ಸಾರಿಗೆ ಸಂಸ್ಥೆಯಲ್ಲ, ಚಾಲಕ ಮತ್ತು ಪ್ರಯಾಣಿಕನನ್ನು ಜೋಡಿಸುವ ತಂತ್ರಜ್ಞಾನ ವೇದಿಕೆ ಮಾತ್ರ. ವಾಹನ ನಮ್ಮದಲ್ಲ, ಚಾಲಕ ನಮ್ಮ ನೌಕರನಲ್ಲ. ಆಪ್ ಹಾಕಿಕೊಳ್ಳುವಾಗ ನಾವು ಓದದೆ ಒತ್ತುವ 'ಒಪ್ಪಿದ್ದೇನೆ' ಬಟನ್ನಿನ ಹಿಂದೆ ಈ ಮಾತೇ ಇರುತ್ತದೆ. ಆಟೊಗಳಲ್ಲಿ ಈಗ ಕಮಿಷನ್ ಬದಲು ಚಾಲಕ ದಿನಕ್ಕೆ ಇಷ್ಟು ಎಂದು ಶುಲ್ಕ ಕಟ್ಟುವ ಪದ್ಧತಿ ಹರಡಿದೆ. ಪ್ರಯಾಣಿಕ ನೇರವಾಗಿ ಚಾಲಕನಿಗೆ ಹಣ ಕೊಡುತ್ತಾನೆ. ಇದರಿಂದ 'ನಾವು ಮಧ್ಯವರ್ತಿ ಮಾತ್ರ' ಎಂಬ ವಾದಕ್ಕೆ ಇನ್ನಷ್ಟು ಬಲ ಬಂದಿದೆ.

ಪ್ರಯಾಣಿಕರ ಪರವಾದ ವಾದವೂ ದುರ್ಬಲವಲ್ಲ. ದರ ಹೇಳುವುದು ಆಪ್. ಯಾವ ಚಾಲಕ ಬರಬೇಕು ಎಂದು ಆರಿಸುವುದು ಆಪ್. ರೇಟಿಂಗ್ ಬಿದ್ದರೆ ಐಡಿ ಬ್ಲಾಕ್ ಮಾಡುವುದೂ ಆಪ್. ಇಷ್ಟೆಲ್ಲ ಹಿಡಿತ ಇರುವವರು ಹೊಣೆಯಿಂದ ಹೊರಗಿರುವುದು ಹೇಗೆ? ಉತ್ತರ ಪ್ರದೇಶದ ಸಾರಿಗೆ ನಿಗಮ ಬಾಡಿಗೆಗೆ ಪಡೆದ ಬಸ್ಸಿನ ಪ್ರಕರಣದಲ್ಲಿ, ವಾಹನ ಯಾರ ಹತೋಟಿಯಲ್ಲಿ ಓಡುತ್ತಿತ್ತು ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಮುಖ್ಯವಾಗಿ ಪರಿಗಣಿಸಿತ್ತು. ಅದರ ಎದುರಿಗೆ, ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹೆಸರಿರುವವನೇ ಮಾಲೀಕ, ಅವನೇ ಹೊಣೆ ಎಂಬ 2018ರ ತೀರ್ಪು ಕೂಡ ಇದೆ. ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಹಿಡಿಯುವುದು ಈ ಎರಡನೆಯ ದಾರಿಯನ್ನು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ಅಗ್ರಿಗೇಟರ್ ಮಾರ್ಗಸೂಚಿ ಹೊರಡಿಸಿತು. ಪ್ರಯಾಣಿಕರಿಗೆ ಕನಿಷ್ಠ 5 ಲಕ್ಷದ ವಿಮೆ, ಚಾಲಕರಿಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ ಮತ್ತು 10 ಲಕ್ಷದ ಟರ್ಮ್ ವಿಮೆ ಇರಬೇಕು ಎಂದು ಅದು ಹೇಳುತ್ತದೆ. ಆದರೆ ಅದು ಮಾರ್ಗಸೂಚಿ. ರಾಜ್ಯ ತನ್ನ ನಿಯಮದಲ್ಲಿ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ.

ಕೆಲವು ಆಪ್‌ಗಳು ತಾವಾಗಿಯೇ ಪ್ರಯಾಣಿಕರಿಗೆ ಅಪಘಾತ ವಿಮೆ ಮಾಡಿಸಿರುತ್ತವೆ. ಅದು ಸಿಗಬೇಕಾದರೆ ಅಪಘಾತದ ಹೊತ್ತಿಗೆ ಟ್ರಿಪ್ ಆಪ್‌ನಲ್ಲಿ ನಡೆಯುತ್ತಿರಬೇಕು. ಚಾಲಕ ಬಂದು 'ಕ್ಯಾನ್ಸಲ್ ಮಾಡಿ ಸಾರ್, ಕ್ಯಾಶ್ ಕೊಡಿ, ನಾನೇ ಬಿಡ್ತೀನಿ' ಎನ್ನುವುದು ಬೆಂಗಳೂರಿನಲ್ಲಿ ದಿನಾ ಕೇಳುವ ಮಾತು. ಒಪ್ಪಿಕೊಂಡ ಕ್ಷಣವೇ ಆಪ್‌ನ ವಿಮೆ ಹೋಯಿತು. ನೀವು ಆ ವಾಹನದಲ್ಲಿದ್ದಿರಿ ಎಂಬ ದಾಖಲೆಯೂ ಹೋಯಿತು. ಹತ್ತಿಪ್ಪತ್ತು ರೂಪಾಯಿ ಉಳಿಸಲು ಇಷ್ಟನ್ನು ಬಿಟ್ಟುಕೊಡಬೇಡಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಹಳಷ್ಟು ಕನ್ನಡಿಗರಿದ್ದಾರೆ. ಅಲ್ಲಿ 2015ರಿಂದಲೇ ಕಾನೂನು ಬೇರೆ ಇದೆ. ಚಾಲಕ ಟ್ರಿಪ್ ಒಪ್ಪಿಕೊಂಡ ಕ್ಷಣದಿಂದ ಪ್ರಯಾಣಿಕ ಇಳಿಯುವವರೆಗೆ 10 ಲಕ್ಷ ಡಾಲರ್ ಹೊಣೆಗಾರಿಕೆ ವಿಮೆ ಇರಲೇಬೇಕು. ಚಾಲಕನ ಸ್ವಂತ ಪಾಲಿಸಿ ಕೈಕೊಟ್ಟರೂ ಪ್ರಯಾಣಿಕ ಬೀದಿಗೆ ಬೀಳುವುದಿಲ್ಲ. ಆಪ್ ಕಂಪನಿಗಳು ಅಲ್ಲೂ 'ನಾವು ವೇದಿಕೆ' ಎಂದೇ ವಾದಿಸಿದ್ದವು. ಆ ವಾದ ಮುಗಿಯಲಿ ಎಂದು ಶಾಸನಸಭೆ ಕಾಯಲಿಲ್ಲ. ಚಾಲಕ ನೌಕರನಾ ಅಲ್ಲವಾ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ವಿಮೆಯನ್ನು ಮೊದಲು ಕಡ್ಡಾಯ ಮಾಡಿತು. ನಮ್ಮಲ್ಲಿಯೂ ಇದೇ ಕ್ರಮ ಸರಿ ಎನಿಸುತ್ತದೆ.

ಮೊದಲ ಎರಡು ದಿನ ಮಾಡಬೇಕಾದ ಕೆಲಸ

ಜೀವ ಮೊದಲು. 112 ಅಥವಾ 108ಕ್ಕೆ ಕರೆ ಮಾಡಿ. ಪೊಲೀಸರು ಬರಲಿ ಎಂದು ತುರ್ತು ಚಿಕಿತ್ಸೆ ತಡ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೆ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಕರ್ನಾಟಕವಂತೂ 2016ರಲ್ಲೇ ಇದಕ್ಕಾಗಿ ಬೇರೆ ಕಾಯ್ದೆ ಮಾಡಿದೆ.

ಆಸ್ಪತ್ರೆಯಲ್ಲಿ ಒಂದು ವಿಷಯ ಬಹಳ ಮುಖ್ಯ. ಅಪಘಾತದ ಕೇಸನ್ನು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್) ಎಂದು ದಾಖಲಿಸಬೇಕು. ಗಾಯ ಹೇಗಾಯಿತು ಎಂದು ವೈದ್ಯರು ಬರೆಯುವ ಆ ಒಂದು ಸಾಲಿನ ಮೇಲೆ ಮುಂದೆ ಇಡೀ ಕೇಸ್ ನಿಲ್ಲುತ್ತದೆ. 'ಸ್ಕಿಡ್ ಆಗಿ ಬಿದ್ದದ್ದು' ಎಂದು ಅವಸರದಲ್ಲಿ ಬರೆದುಬಿಟ್ಟರೆ, ಬೇರೆ ವಾಹನ ಗುದ್ದಲೇ ಇಲ್ಲ ಎಂದು ವಿಮಾ ಕಂಪನಿ ಅದನ್ನೇ ಹಿಡಿದು ವಾದಿಸುತ್ತದೆ. ಯಾವ ವಾಹನದಲ್ಲಿ ಪ್ರಯಾಣಿಕರಾಗಿ ಹೋಗುತ್ತಿದ್ದಿರಿ, ಯಾವ ವಾಹನ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಸ್ಪಷ್ಟವಾಗಿ ಹೇಳಿ ಬರೆಸಿ. ಗಾಯಾಳು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಜೊತೆಗೆ ಬಂದವರು ಈ ಕೆಲಸ ಮಾಡಬೇಕು.

ಸ್ಥಳದಲ್ಲಿ ಆಗುವುದಾದರೆ ಎರಡೂ ವಾಹನದ ನಂಬರ್ ಪ್ಲೇಟ್, ವಾಹನ ನಿಂತ ರೀತಿ, ಸುತ್ತಲಿನ ಅಂಗಡಿ ಬೋರ್ಡ್ ಎಲ್ಲ ಕಾಣುವಂತೆ ಫೋಟೊ ತೆಗೆಯಿರಿ. ಟ್ರಿಪ್ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಅದರಲ್ಲಿ ಚಾಲಕನ ಹೆಸರು, ವಾಹನದ ಸಂಖ್ಯೆ, ಸಮಯ ಎಲ್ಲ ಇರುತ್ತದೆ. ಆಪ್‌ನಲ್ಲಿ ದೂರು ಹಾಕಿ, ಕಂಪನಿಗೆ ಇಮೇಲ್ ಮಾಡಿ, ಈ ಟ್ರಿಪ್‌ನ ಮಾಹಿತಿ ಅಳಿಸದೆ ಇಡಿ ಎಂದು ಕೇಳಿ. ಆಮೇಲೆ ನ್ಯಾಯಮಂಡಳಿಯಿಂದ ಆ ದಾಖಲೆ ತರಿಸಬಹುದು. ವಾಹನದ ಸಂಖ್ಯೆ ಒಂದಿದ್ದರೆ ಸರ್ಕಾರದ ಪರಿವಾಹನ್ ತಾಣದಲ್ಲಿ ಅದರ ನೋಂದಣಿ, ವಿಮೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಚಾಲ್ತಿಯಲ್ಲಿದೆಯಾ ಎಂದು ನೋಡಬಹುದು. ಪಾಲಿಸಿ ಮುಗಿದಿದ್ದರೆ ಅದು ಅವತ್ತೇ ಗೊತ್ತಾಗುವುದು ಒಳ್ಳೆಯದು.

ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ತೆಗೆಸಿಡಿ ಎಂದು ಸಂಚಾರ ಠಾಣೆಗೆ ಬರಹದಲ್ಲಿ ಕೊಡಿ.

ಈ ಹಂತದಲ್ಲೇ 'ಕೇಸ್ ಯಾಕೆ, ಇಲ್ಲೇ ರಾಜಿ ಮಾಡಿಕೊಳ್ಳೋಣ' ಎಂಬ ಮಾತು ಬರುತ್ತದೆ. ಚಾಲಕನ ಪರಿಸ್ಥಿತಿ ನೋಡಿ ಮನಸ್ಸು ಕರಗುವುದು ಸಹಜ. ಆದರೆ ಎಫ್‌ಐಆರ್ ಆದರೆ ನಿಮಗೆ ಪರಿಹಾರ ಕೊಡಬೇಕಾದವರು ವಿಮಾ ಕಂಪನಿಯವರು, ಚಾಲಕನ ಮನೆಯವರಲ್ಲ. ಕೇಸ್ ಇಲ್ಲದೆ ರಾಜಿಯಾದರೆ ಪರಿಹಾರದ ದಾರಿಯೇ ಕಷ್ಟವಾಗುತ್ತದೆ. ಮೂಳೆ ಮುರಿತದ ನಿಜವಾದ ಖರ್ಚು ಗೊತ್ತಾಗುವುದು ತಿಂಗಳುಗಳ ನಂತರ. ತಡವಾಗಿ ದೂರು ಕೊಟ್ಟ ಮಾತ್ರಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ ನಿಜ. ತಡವಾದಷ್ಟೂ ತಕರಾರು ಜಾಸ್ತಿಯಾಗುವುದೂ ನಿಜ.

ಪೊಲೀಸರಿಗೂ ಗಡುವುಗಳಿವೆ. 2022ರ ಏಪ್ರಿಲ್‌ನಿಂದ ಜಾರಿಯಾದ ಕೇಂದ್ರ ನಿಯಮಗಳ ಪ್ರಕಾರ ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮತ್ತು ವಿಮಾ ಕಂಪನಿಗೆ ತಿಳಿಸಬೇಕು. ಮಧ್ಯಂತರ ವರದಿ 50 ದಿನದೊಳಗೆ, ವಿವರವಾದ ವರದಿ 90 ದಿನದೊಳಗೆ. ಆ ವರದಿಯನ್ನೇ ಪರಿಹಾರ ಅರ್ಜಿ ಎಂದು ಪರಿಗಣಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಈ ವ್ಯವಸ್ಥೆ ಪೂರ್ತಿ ನಡೆದರೆ ಸಂತ್ರಸ್ತರು ವಕೀಲರ ಬಾಗಿಲು ತಟ್ಟುವ ಮೊದಲೇ ಕೇಸ್ ಶುರುವಾಗಬೇಕು. ಇದು ನಿಮ್ಮ ಹಕ್ಕು, ಠಾಣೆಯಲ್ಲಿ ಈ ವರದಿಗಳ ಹೆಸರು ಹೇಳಿ ಕೇಳಿ.

ಆಸ್ಪತ್ರೆ ಬಿಲ್ ಮತ್ತು ಸರ್ಕಾರದ ನಗದುರಹಿತ ಚಿಕಿತ್ಸೆ

2025ರ ಮೇ 5ರಿಂದ ದೇಶದಾದ್ಯಂತ ಒಂದು ಯೋಜನೆ ಜಾರಿಯಲ್ಲಿದೆ. ಮೋಟಾರು ವಾಹನದಿಂದ ರಸ್ತೆ ಅಪಘಾತಕ್ಕೊಳಗಾದ ಯಾರಿಗೇ ಆಗಲಿ, ಅಪಘಾತದ ದಿನದಿಂದ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಗುರುತಿಸಿದ ಆಸ್ಪತ್ರೆಗಳಲ್ಲಿ ಪೂರ್ತಿ ಸಿಗುತ್ತದೆ, ಬೇರೆ ಕಡೆ ಜೀವ ಸ್ಥಿರವಾಗುವವರೆಗಿನ ಚಿಕಿತ್ಸೆಗೆ ಮಾತ್ರ. ತಪ್ಪು ಯಾರದು, ಪಾಲಿಸಿ ಇದೆಯಾ, ಬೋರ್ಡ್ ಬಿಳಿಯಾ ಹಳದಿಯಾ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ವೈಟ್ ಬೋರ್ಡ್ ಬೈಕಿನಿಂದ ಬಿದ್ದವರಿಗೆ ಇದು ದೊಡ್ಡ ಆಸರೆ. ದಾಖಲಾಗುವಾಗಲೇ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಬೇಕು.

ಎರಡೂವರೆ ಲಕ್ಷವಾ, ಹದಿನಾರು ಲಕ್ಷವಾ

ಪರಿಹಾರ ಕೇಳಲು ಕಾಯ್ದೆಯಲ್ಲಿ ಎರಡು ದಾರಿಗಳಿವೆ. 164ನೇ ಸೆಕ್ಷನ್‌ನಲ್ಲಿ ತಪ್ಪು ಯಾರದು ಎಂದು ಸಾಬೀತು ಮಾಡುವ ಅಗತ್ಯವಿಲ್ಲ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. 166ನೇ ಸೆಕ್ಷನ್‌ನಲ್ಲಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ಅಲ್ಲಿ ಪರಿಹಾರಕ್ಕೆ ಮೇಲ್ಮಿತಿ ಇಲ್ಲ.

ಲೆಕ್ಕ ಹೇಗೆ ಎಂದು ಒಂದು ಉದಾಹರಣೆ ನೋಡೋಣ. ವಯಸ್ಸು 32, ಸ್ವಂತ ದುಡಿಮೆ, ತಿಂಗಳಿಗೆ 30,000 ರೂಪಾಯಿ ಆದಾಯ, ಅಪಘಾತದಿಂದ ದುಡಿಯುವ ಶಕ್ತಿಯಲ್ಲಿ ಶೇ 20ರಷ್ಟು ಶಾಶ್ವತ ನಷ್ಟ. ವರ್ಷದ ಆದಾಯ 3,60,000. 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆಗಾಗಿ ಶೇ 40 ಸೇರಿಸಿದರೆ 5,04,000. ಅದರ ಶೇ 20 ಎಂದರೆ 1,00,800. 2009ರ ತೀರ್ಪಿನ ಪ್ರಕಾರ 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿದರೆ 16,12,800 ರೂಪಾಯಿ. ಚಿಕಿತ್ಸೆ ಖರ್ಚು, ನೋವು, ದುಡಿಯದೆ ಮನೆಯಲ್ಲಿ ಕೂತ ತಿಂಗಳುಗಳ ಸಂಬಳ, ಬಡ್ಡಿ ಎಲ್ಲ ಬೇರೆ.

ಹಾಗಾಗಿ ಒಂದು ಎಚ್ಚರಿಕೆ. ಈಗಿನ 149ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿ ಅಧಿಕಾರಿಯನ್ನು ನೇಮಿಸಿ, ಇಷ್ಟು ಕೊಡುತ್ತೇವೆ ಎಂದು ಮುಂದೆ ಬರಬಹುದು. ಬೇಗ ಹಣ ಬರುತ್ತದೆ ಎಂಬುದು ಒಳ್ಳೆಯದೇ. ಆದರೆ 164ರ ಅಡಿ ಪರಿಹಾರ ಒಪ್ಪಿಕೊಂಡರೆ, ನ್ಯಾಯಮಂಡಳಿ ಮುಂದಿರುವ ದೊಡ್ಡ ಕ್ಲೇಮ್ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಲಿನ ಉದಾಹರಣೆಯವರು ಎರಡೂವರೆ ಲಕ್ಷಕ್ಕೆ ಸಹಿ ಹಾಕಿದರೆ ಉಳಿದದ್ದು ಕೈಬಿಟ್ಟ ಹಾಗೆ. ಇದು ಸಣ್ಣ ಅಕ್ಷರದಲ್ಲಿರುವ ಮಾತು, ಸಹಿ ಮಾಡುವ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ.

ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ತಾನೇ ಅಂದಾಜು ಮಾಡುತ್ತದೆ, ಅದು ನಿಜವಾದ ಗಳಿಕೆಗಿಂತ ಕಡಿಮೆ ಇರಬಹುದು. ಬ್ಯಾಂಕ್ ಪಾಸ್‌ಬುಕ್, ಯುಪಿಐ ವಿವರ, ಸಂಬಳದ ಚೀಟಿ ಎಲ್ಲ ಜೋಡಿಸಿಡಿ. ಪ್ರತಿ ಮೆಡಿಕಲ್ ಬಿಲ್, ಫಿಸಿಯೊಥೆರಪಿ ರಸೀದಿಗೂ ಬೆಲೆಯಿದೆ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕಾಗಿಲ್ಲ. ಬೆಂಗಳೂರಿನಲ್ಲಿ ಪೆಟ್ಟಾದ ಕಲಬುರಗಿಯವರು ಕಲಬುರಗಿಯಲ್ಲೇ ಹಾಕಬಹುದು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಫೀಸ್ ಕೇಳುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಆರು ತಿಂಗಳ ಗಡುವು

2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ಎರಡು ಸಲ ಆಪರೇಷನ್ ಆಗಿ ಹಾಸಿಗೆಯಲ್ಲಿದ್ದವರಿಗೆ ಆರು ತಿಂಗಳು ಏನೂ ಅಲ್ಲ. ಈ ನಿಯಮವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ. ಅದನ್ನೇ ನಂಬಿ ಸುಮ್ನೆ ಕೂರುವುದು ಅಪಾಯ. ಆರು ತಿಂಗಳೇ ಕೊನೆ ಎಂದುಕೊಂಡು ಕೆಲಸ ಮಾಡಿ.

ಹ್ಯಾಂಡಲ್ ಹಿಡಿದವನ ಪಾಡು

ಪ್ರಯಾಣಿಕನಿಗಿಂತ ಕೆಟ್ಟ ಸ್ಥಿತಿ ಚಾಲಕನದು. ಗುದ್ದಿದ ವಾಹನದ ತಪ್ಪಿದ್ದರೆ ಆತನೂ ಅದರ ವಿಮೆಯಿಂದ ಪರಿಹಾರ ಕೇಳಬಹುದು. ತನ್ನದೇ ತಪ್ಪಿದ್ದರೆ ಸಿಗುವುದು ಮಾಲೀಕ-ಚಾಲಕರಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾತ್ರ. ಅದೂ ಆರ್‌ಸಿ ಅವನ ಹೆಸರಲ್ಲಿದ್ದು, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ. ತಮ್ಮನ ಬೈಕ್, ಗೆಳೆಯನ ಐಡಿ ಎಂದು ಓಡಿಸುವವರಿಗೆ ಅದೂ ಇಲ್ಲ. ಎರವಲು ಪಡೆದ ಬೈಕ್ ಓಡಿಸುವವನು ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ, ಆ ಬೈಕಿನ ಥರ್ಡ್ ಪಾರ್ಟಿ ವಿಮೆ ಅವನಿಗೆ ಬರುವುದಿಲ್ಲ ಎಂದು 2009ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳಕ್ಕೆ ಕ್ಯಾಬ್ ಓಡಿಸುವ ಚಾಲಕನಿಗೆ ನೌಕರರ ಪರಿಹಾರ ಕಾಯ್ದೆಯ ರಕ್ಷಣೆ ಇತ್ತು, 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆಪ್‌ಗಳ ಮೂಲಕ ದುಡಿಯುವವರ, ಸಾಮಾಜಿಕ ಭದ್ರತಾ ಕಾಯ್ದೆ ತಂದಿತು. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸುವ ವ್ಯವಸ್ಥೆ ಅದರಲ್ಲಿದೆ. ಆ ನಿಧಿಯ ಮೊದಲ ಬಳಕೆ ಅಪಘಾತ ವಿಮೆಗೆ ಆದರೆ ಬಹಳ ಮನೆಗಳು ಉಳಿಯುತ್ತವೆ.

ಸರ್ಕಾರದ ಕೈಯಲ್ಲಿರುವುದು

ಬೈಕ್ ಪರ್ಮಿಟ್‌ಗೆ ಷರತ್ತು ಹಾಕುವ ಅಧಿಕಾರ ರಾಜ್ಯಕ್ಕಿದೆ. ಹೆಲ್ಮೆಟ್ ಬಣ್ಣ, ಓಡಿಸುವ ಪ್ರದೇಶ, ದರ ಇವುಗಳ ಮೇಲೆ ಚರ್ಚೆ ಬೇಕಾದಷ್ಟು ಆಗುತ್ತದೆ. ವಿಮೆಯ ಬಗ್ಗೆ ಎರಡು ಷರತ್ತು ಮೊದಲು ಬರಬೇಕು. ಪ್ರಯಾಣಿಕನಿಗೆ ಅನ್ವಯಿಸುವ ಪಾಲಿಸಿ ಚಾಲ್ತಿಯಲ್ಲಿ ಇಲ್ಲದ ಬೈಕ್ ಆಪ್‌ನಲ್ಲಿ ಲಾಗಿನ್ ಆಗಬಾರದು. ಪಾಲಿಸಿ ಕೈಕೊಟ್ಟ ಕಡೆ ಆಪ್ ಕಂಪನಿ ತೆಗೆದ ವಿಮೆ ಕೊಡಬೇಕು.

ಇದರಲ್ಲಿ ತಾಂತ್ರಿಕ ಕಷ್ಟ ಏನೂ ಇಲ್ಲ. ಚಾಲಕ ಸೇರುವಾಗಲೇ ಆಪ್‌ಗಳು ಆರ್‌ಸಿ, ಡಿಎಲ್, ವಿಮೆ ಎಲ್ಲ ಅಪ್‌ಲೋಡ್ ಮಾಡಿಸಿಕೊಳ್ಳುತ್ತವೆ. ಬುಕ್ ಮಾಡಿದ ಕೂಡಲೇ ಚಾಲಕನ ಫೋಟೊ, ರೇಟಿಂಗ್, ವಾಹನದ ಸಂಖ್ಯೆ ತೋರಿಸುವ ಅದೇ ಪರದೆಯಲ್ಲಿ ಇನ್ನೊಂದು ಸಾಲು ಸೇರಿಸಲು ಕಂಪನಿಗಳಿಗೆ ಹೇಳಬೇಕು: ಈ ವಾಹನದ ವಿಮೆ ಯಾವ ತಾರೀಕಿನವರೆಗೆ ಇದೆ, ಅದರಲ್ಲಿ ಪ್ರಯಾಣಿಕರು ಸೇರಿದ್ದಾರಾ ಇಲ್ಲವಾ.